ತಿಪ್ಪೆಯ ಮೂಳೆಚೂರು ಒಟ್ಟಿಗೆ ಪುಡಿ ಮಾಡಿದ್ರೆ ಬೇಟೆಯ ಲೆಕ್ಕ ಸಿಗುತ್ತಾ? (ಮೋವಾ, ಹಳೇ ಡಿಎನ್‌ಎ)

ಹೊಸಹಾಳೆ
ನ್ಯೂಜಿಲೆಂಡಿನ ಮೋವಾ (ಹಾರಲಾರದ, ಈಗ ಅಳಿದು ಹೋದ ಹಕ್ಕಿ) ಬೇಟೆ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಸಿದ್ಧವಾಗ್ತಿದೆ, ಒಂದು ಕಡೆ ಸ್ಪಷ್ಟತೆ ಬೇಕು. ಮಾವೊರಿಗಳ ಪೂರ್ವಜರು ಅಲ್ಲಿ ಕಾಲಿಟ್ಟಿದ್ದು 13ನೇ ಶತಮಾನದ ಕೊನೆಗೆ. ಆಗ ಒಂಬತ್ತು ಜಾತಿ ಮೋವಾ ಇದ್ವು. 15ನೇ ಶತಮಾನ ಮುಗಿಯೋ ಮುಂಚೆ ಒಂದೂ ಉಳೀಲಿಲ್ಲ. ವೈರಾವ್ ಬಾರ್ ಥರದ ಹಳೇ ನೆಲೆಗಳ ತಿಪ್ಪೆ ಅಗೆದಾಗ ಇಡೀ ಕಾಲ್ಮೂಳೆಗಿಂತ ಉಗುರಿನಷ್ಟು ದೊಡ್ಡ ಚೂರುಗಳೇ ಜಾಸ್ತಿ. ಕಣ್ಣಲ್ಲಿ ನೋಡಿ ಇದು ಮೋವಾ, ಇದು ಸೀಲ್, ಇದು ಪೆಂಗ್ವಿನ್ ಅಂತ ಹೇಳೋಕಾಗಲ್ಲ.

2018ರಲ್ಲಿ ಬಂದ ಅಧ್ಯಯನದಲ್ಲಿ ಇಂಥ 5,000ಕ್ಕೂ ಹೆಚ್ಚು ಚೂರುಗಳನ್ನ ಗುಂಪು ಗುಂಪಾಗಿ ಪುಡಿ ಮಾಡಿ, ಡಿಎನ್‌ಎ ಓದಿ, 110 ಜಾತಿ ಪ್ರಾಣಿ ಗುರುತಿಸಿದ್ರು. ಹಕ್ಕಿ, ಮೀನು, ಹಲ್ಲಿ, ಕಪ್ಪೆ, ತಿಮಿಂಗಿಲ ಎಲ್ಲ ಇದೆ. 50 ಚೂರು ಒಂದೇ ಡಬ್ಬಿಗೆ ಹಾಕಿ ಅರೆದ ಮೇಲೆ ಯಾವುದು ಎಷ್ಟು ಅನ್ನೋ ಲೆಕ್ಕ ಎಲ್ಲಿಂದ ಬರುತ್ತೆ? ಬೇಯಿಸಿದ, ಸುಟ್ಟ ಮೂಳೆಯಲ್ಲಿ ಡಿಎನ್‌ಎ ಇರುತ್ತಾ? ಲ್ಯಾಬ್ ಕೆಲಸ ಗೊತ್ತಿರೋರು ಹಂತ ಹಂತವಾಗಿ ಬರೀರಿ.

ಪಿಪೆಟ್_200
ಲೆಕ್ಕ ಬರಲ್ಲ. ಅದನ್ನ ಮೊದಲೇ ಹೇಳಿಬಿಡ್ತೀನಿ. ಈ ವಿಧಾನ ಹೇಳೋದು "ಈ ಪದರದಲ್ಲಿ ಈ ಪ್ರಾಣಿ ಇತ್ತು" ಅಂತ ಮಾತ್ರ. ಎಷ್ಟು ತಲೆ ಅಂತ ಅಲ್ಲ.

ಕೆಲಸ ಹೀಗೆ. ಒಂದೇ ಪದರದಿಂದ, ಯಾವ ಮೂಳೆ ಅಂತ ಗೊತ್ತಾಗದ ಚೂರು ಮಾತ್ರ ಆರಿಸ್ತಾರೆ, ಸಾಮಾನ್ಯವಾಗಿ 50ರ ಒಂದು ಗುಂಪು. ಆದಷ್ಟು ಒಂದೇ ಗಾತ್ರದ್ದು ಇರಬೇಕು. ದೊಡ್ಡದಿದ್ರೆ ಅದರಿಂದ ಸ್ವಲ್ಪ ಮುರಿದು ತಗೋತಾರೆ. ಇಲ್ಲದಿದ್ರೆ ಒಂದು ಮೋವಾ ಚೂರಿನ ಪುಡಿಯಲ್ಲೇ ಹತ್ತು ಸಣ್ಣ ಹಕ್ಕಿ ಮುಳುಗಿ ಹೋಗುತ್ತೆ. ಬಾಲ್ ಮಿಲ್‌ನಲ್ಲಿ (ಗುಂಡು ಹಾಕಿ ಅರೆಯೋ ಯಂತ್ರ) ನುಣ್ಣಗೆ ಪುಡಿ. ಅದರಲ್ಲಿ 100ರಿಂದ 150 ಮಿಲಿಗ್ರಾಂ ತಗೊಂಡು 1 ಮಿಲಿಲೀಟರ್ 0.5 ಮೋಲಾರ್ ಇಡಿಟಿಎ ದ್ರಾವಣಕ್ಕೆ ಹಾಕಿ, ಪ್ರೋಟೀನೇಸ್ ಕೆ ಸೇರಿಸಿ, 55 ಡಿಗ್ರಿಯಲ್ಲಿ ರಾತ್ರಿಯಿಡೀ ತಿರುಗಿಸ್ತಾರೆ. ಇಡಿಟಿಎ ಕ್ಯಾಲ್ಸಿಯಂ ಎಳೆದುಕೊಳ್ಳುತ್ತೆ, ಪ್ರೋಟೀನೇಸ್ ಮೂಳೆಯ ಪ್ರೋಟೀನಾದ ಕೊಲಾಜೆನ್ ಕತ್ತರಿಸುತ್ತೆ, ಒಳಗೆ ಸಿಕ್ಕಿದ್ದ ಡಿಎನ್‌ಎ ನೀರಿಗೆ ಬರುತ್ತೆ.

ಮುಂದೆ ಸಿಲಿಕಾ ಕಾಲಮ್, ಅಂದ್ರೆ ಡಿಎನ್‌ಎ ಹಿಡಿದಿಟ್ಟುಕೊಂಡು ಉಳಿದದ್ದನ್ನ ಬಿಡೋ ಸೋಸು ಕೊಳವೆ. ಇಲ್ಲೇ ಹೆಚ್ಚು ಜನ ಡಿಎನ್‌ಎ ಕಳಕೊಳ್ಳೋದು. ಹಳೇ ಡಿಎನ್‌ಎ ತುಂಡು ಬಹುಪಾಲು 30ರಿಂದ 80 ಬೇಸ್ (ಡಿಎನ್‌ಎಯ ಒಂದೊಂದು ಅಕ್ಷರ) ಉದ್ದ. ತಾಜಾ ರಕ್ತಕ್ಕೆ ಮಾಡಿದ ಕಿಟ್‌ನ ಬೈಂಡಿಂಗ್ ಬಫರ್ ಹಾಕಿದ್ರೆ 100ಕ್ಕಿಂತ ಚಿಕ್ಕದೆಲ್ಲ ತೊಳೆದು ಹೋಗುತ್ತೆ. ಅದಕ್ಕೇ 5 ಮೋಲಾರ್ ಗ್ವಾನಿಡೀನ್ ಹೈಡ್ರೋಕ್ಲೋರೈಡ್, ಶೇ. 40 ಐಸೊಪ್ರೊಪನಾಲ್ ಇರೋ ಬಫರ್, ಅದೂ ದ್ರಾವಣದ ಹತ್ತು ಪಟ್ಟಿಗಿಂತ ಹೆಚ್ಚು ಪ್ರಮಾಣದಲ್ಲಿ. ಆಗ 35 ಬೇಸಿನ ತುಂಡೂ ಕಾಲಮ್ಮಿಗೆ ಅಂಟುತ್ತೆ.

ಮೂಳೆಕೋಣೆ
ಪಿಪೆಟ್ ಸರ್ ಹೇಳಿದ್ದಕ್ಕೆ ಮುಂಚಿನ ಅರ್ಧ ಕೆಲಸ ಇದೆ. ಅದು ಬಿಟ್ಟು ಹೋದ್ರೆ ಉಳಿದದ್ದು ವ್ಯರ್ಥ.

ಚೀಲ ಬಂದ ತಕ್ಷಣ ಮಿಲ್ಲಿಗೆ ಹಾಕಬಾರದು. ಪ್ರತಿ ಚೂರನ್ನೂ ಲೆನ್ಸ್ ಅಡಿ ನೋಡಿ: ಕತ್ತರಿಸಿದ ಗೀರು ಇದೆಯಾ, ನಾಯಿ ಕಚ್ಚಿದ ಗುರುತು ಇದೆಯಾ, ಸುಟ್ಟಿದೆಯಾ, ಬಣ್ಣ ಏನು. ಗೀರು ಇರೋದನ್ನ ಪಕ್ಕಕ್ಕೆ ಎತ್ತಿಡಿ. ಅದು ಬೇಟೆಯ ನೇರ ಸಾಕ್ಷಿ, ಅದನ್ನ ಅರೆಯೋ ಹಾಗಿಲ್ಲ. ಉಳಿದದ್ದನ್ನ ತೂಗಿ, ಫೋಟೋ ತೆಗೆದು, ಎಣಿಸಿ, ಆಮೇಲೆ ಗುಂಪು ಮಾಡಿ. ಮಾವೊರಿ ನಾಯಿ "ಕುರಿ" ಅಲ್ಲೇ ತಿಪ್ಪೆ ಸುತ್ತ ಇತ್ತು, ಪಾಲಿನೇಷಿಯನ್ ಇಲಿಯೂ ಜೊತೆಗೆ ಬಂದಿತ್ತು. ತಿಪ್ಪೆಯಲ್ಲಿ ಸಿಕ್ಕ ಡಿಎನ್‌ಎ ಎಲ್ಲಾ ಊಟದ್ದು ಅಂತ ತಿಳಿಯೋಕಾಗಲ್ಲ.

ಜರಡಿಯ ಕಣ್ಣು ಎಷ್ಟು ಮಿಲಿಮೀಟರ್ ಅಂತ ಅಗೆತದ ಪುಸ್ತಕದಲ್ಲಿ ಬರೆದಿಲ್ಲ ಅಂದ್ರೆ ಯಾವ ಹೋಲಿಕೆಯೂ ಮಾಡೋಕಾಗಲ್ಲ. 6 ಮಿಲಿಮೀಟರ್ ಜರಡಿ ಹಾಕಿದ ಕಡೆ ಮೀನು, ಸಣ್ಣ ಹಕ್ಕಿ ಎಲ್ಲ ಕೆಳಗೆ ಹೋಗಿರುತ್ತೆ. 2 ಮಿಲಿಮೀಟರ್ ಹಾಕಿದ ಕಡೆ ಅವೇ ಎದ್ದು ಕಾಣುತ್ತೆ. ಆಮೇಲೆ "ಈ ಊರಿನವರು ಮೀನು ತಿಂತಿರಲಿಲ್ಲ" ಅಂತ ತೀರ್ಮಾನ ಬಂದ್ರೆ ಅದು ಜರಡಿಯ ತೀರ್ಮಾನ.

ಬಯಲುಸೀಮಿ
ಒಂದ್ ಮಾತ್ ಸೇರಸ್ತೀನ್ರಿ. ಮೂಳಿ ಅಗದ್ ಕೂಡ್ಲೇ ನೀರಾಗ ತೊಳೀಬ್ಯಾಡ್ರಿ! ಎಲ್ಲಾ ಕಡೆ ಇದೊಂದ್ ಚಟ ಐತಿ. ಬ್ರಷ್ ತಗೊಂಡ್ ಬಕೆಟ್ ನೀರಾಗ ಉಜ್ಜಿ ಬಿಸಲಿಗೆ ಒಣಗಸೂದು. ನೀರು ಒಳಗ ಇಳೀತದ, ಬಕೆಟ್ಟಿನಾಗಿನ ಬ್ಯಾರೆ ಮೂಳಿ ಡಿಎನ್‌ಎ ಇದರಾಗ ಬರ್ತದ, ಇದರದ್ದು ಹೊರಗ ಹೋಗ್ತದ.

ಫ್ರಾನ್ಸಿನಾಗ ಒಂದ 3,200 ವರ್ಷದ ಹಳೇ ಕಾಡೆತ್ತು, ಆರಕ್ಸ್ ಅಂತಾರಲ್ಲ, ಅದರ ಒಂದಿಷ್ಟು ಮೂಳಿ 1947ರಾಗ ಅಗದ್ರು, ಉಳದದ್ದು 2004ರಾಗ ಅಗದ್ರು. ಪ್ರಾಣಿ ಒಂದ, ಮಣ್ಣು ಒಂದ. 1947ರ ಮೂಳಿ ತೊಳದು ಮ್ಯೂಸಿಯಂನಾಗ ಇಟ್ಟಿದ್ರು, ಅದರಾಗ ಏನೂ ಸಿಗಲಿಲ್ಲ. 2004ರದ್ದರಾಗ ಛಲೋ ಸಿಕ್ತು. ಮಣ್ಣಿನಾಗ ಮೂರ್ ಸಾವಿರ ವರ್ಷ ತಾಳಿದ್ದು ಕಪಾಟಿನಾಗ 57 ವರ್ಷ ತಾಳಲಿಲ್ಲ.

ಹಂಗಾಗಿ ಡಿಎನ್‌ಎಗೆ ಅಂತ ತಗಿಯೂ ಚೂರು ಮಣ್ಣಿನ ಸಮೇತ, ಕೈಗವಸು ಹಾಕ್ಕೊಂಡು, ಬ್ಯಾರೆ ಚೀಲದಾಗ ಹಾಕಿ ತಂಪಿನಾಗ ಇಡ್ರಿ. ಪ್ಲಾಸ್ಟಿಕ್ ಚೀಲ ಬಿಸಲಾಗ ಇಟ್ರ ಒಳಗ ಬೆವತು ಬೂಷ್ಟ ಹಿಡೀತದ.

ಹಕ್ಕಿಗೂಡು
ಸುಟ್ಟ ಮೂಳೆ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ?

ಪಿಪೆಟ್_200
ಬಣ್ಣ ನೋಡಿ ಹೇಳಬಹುದು. ಕಂದು ಬಣ್ಣಕ್ಕೆ ತಿರುಗಿದ್ದು ಪರವಾಗಿಲ್ಲ. ಪೂರ್ತಿ ಕಪ್ಪಾಗಿದ್ರೆ ಆಸೆ ಕಡಿಮೆ. ಬೂದು ಅಥವಾ ಬಿಳಿ ಆಗಿ, ಉಗುರಲ್ಲಿ ತಟ್ಟಿದ್ರೆ ಪಿಂಗಾಣಿ ಥರ ಟಣ್ ಅನ್ನುತ್ತೆ ಅಂದ್ರೆ 600 ಡಿಗ್ರಿ ದಾಟಿದೆ. ಅದನ್ನ ಬಿಟ್ಟುಬಿಡಿ, ಕೊಲಾಜೆನ್ನೂ ಇರಲ್ಲ. ಮಾಂಸದ ಒಳಗಿದ್ದ ಮೂಳೆ ನೆಲದೊಲೆಯಲ್ಲಿ ಬೆಂದಾಗ ಒಳಗಿನ ಶಾಖ ನೀರು ಕುದಿಯೋ ಮಟ್ಟ ದಾಟಲ್ಲ. ಡಿಎನ್‌ಎ ತುಂಡಾಗುತ್ತೆ, ಪೂರ್ತಿ ಹೋಗಲ್ಲ. ಮೂಳೆಯ ಖನಿಜ ಹಿಡಿದಿಟ್ಟುಕೊಳ್ಳುತ್ತೆ.

ಅರ್ಧಾಯುಷ್ಯ
ಆದ್ರೆ ಡಿಎನ್‌ಎ ಅರ್ಧಾಯುಷ್ಯ, ಅಂದ್ರೆ ಅರ್ಧ ಹಾಳಾಗೋಕೆ ಬೇಕಾದ ಕಾಲ, 521 ವರ್ಷ ಅಂತ ಎಲ್ಲಾ ಕಡೆ ಓದಿದ್ದೀವಲ್ಲ. 700 ವರ್ಷದ ತಿಪ್ಪೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತೆ, 5,000 ವರ್ಷಕ್ಕೆ ಏನೂ ಇರಲ್ಲ. ಹಿಮಯುಗದ ಬೇಟೆ ಬಗ್ಗೆ ಇದೆಲ್ಲ ಹೇಗೆ ನಂಬೋದು?

ಅಂಕಿಗಣಿ
ಆ 521ರ ಹಿಂದಿನ ಷರತ್ತು ಬಿಟ್ಟು ಸಂಖ್ಯೆ ಮಾತ್ರ ಓಡಾಡ್ತಿದೆ. 2012ರಲ್ಲಿ ಬಂದ ಲೆಕ್ಕ ಅದು. 158 ಮೋವಾ ಕಾಲ್ಮೂಳೆ, ಅಂದಾಜು 13.1 ಡಿಗ್ರಿ ಮಣ್ಣು, ಮೈಟೊಕಾಂಡ್ರಿಯಾದ 242 ಬೇಸ್ ಉದ್ದದ ತುಂಡು. ಈ ಮೂರೂ ಸೇರಿದ್ರೆ 521.

ತುಂಡು ಚಿಕ್ಕದಾದಷ್ಟೂ ಮುರಿಯೋ ಜಾಗ ಕಡಿಮೆ. ಅದೇ ದರದಲ್ಲಿ 80 ಬೇಸಿನ ತುಂಡಿಗೆ 521 × 242 ÷ 80, ಸುಮಾರು 1,575 ವರ್ಷ ಬರುತ್ತೆ. 700 ವರ್ಷದ ಮೂಳೆಯಲ್ಲಿ 242ರ ತುಂಡು ಶೇ. 40ರಷ್ಟು, 80ರ ತುಂಡು ಶೇ. 70ಕ್ಕೂ ಹೆಚ್ಚು ಉಳಿದಿರಬೇಕು. ಮಣ್ಣು ತಣ್ಣಗಾದಷ್ಟೂ ದರ ಇಳಿಯುತ್ತೆ. ಅದಕ್ಕೇ ಸೈಬೀರಿಯಾದ ಹೆಪ್ಪುನೆಲದ ಮ್ಯಾಮತ್ ಹಲ್ಲಿನಿಂದ ಹತ್ತು ಲಕ್ಷ ವರ್ಷ ಮೀರಿದ ಡಿಎನ್‌ಎ 2021ರಲ್ಲಿ ಓದೋಕಾಯ್ತು.

ಗುಲ್ಬರ್ಗ_ಬಿಸಿಲು
ಹಾಗಾದ್ರೆ ನಮ್ಮ ಕಡೆಯ ಮೂಳೆ ಆಸೆ ಬಿಡಬೇಕಾ? ನವಶಿಲಾಯುಗದ ಬೂದಿದಿಬ್ಬಗಳಲ್ಲಿ, ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಸಿಕ್ಕಿದ್ದೆಲ್ಲ 40 ಡಿಗ್ರಿ ಬಿಸಿಲು, ಮೇಲೆ ಮಳೆಗಾಲದ ನೆನೆ.

ಮೂಳೆಕೋಣೆ
ಬಿಡಬೇಕಾಗಿಲ್ಲ, ಆದ್ರೆ ಕಷ್ಟ ಗೊತ್ತಿರಬೇಕು. ಹರಿಯಾಣದ ಸಿಂಧೂ ನಾಗರಿಕತೆಯ ತಾಣ ರಾಖಿಗಢಿಯಲ್ಲಿ 61 ಮನುಷ್ಯ ಅಸ್ಥಿ ಮಾದರಿ ಪರೀಕ್ಷಿಸಿದಾಗ ಜೀನೋಮ್ ಕೊಡೋಷ್ಟು ಸಿಕ್ಕಿದ್ದು ಒಂದೇ ಒಂದು, 2019ರಲ್ಲಿ. ನೆನೆದು ಒಣಗೋ ಚಕ್ರ ಬಿಸಿಲಿಗಿಂತ ಕೆಟ್ಟದ್ದು. ನೀರು ಪ್ರತಿ ಸಲ ಖನಿಜ ಕರಗಿಸಿ ಡಿಎನ್‌ಎಯ ರಕ್ಷಣೆ ತೆಗೆದುಬಿಡುತ್ತೆ.

ಇನ್ನೊಂದು ಕಡೆ ನೋಡಿ. ಹೈದರಾಬಾದಿನ ಜೀವಶಾಸ್ತ್ರ ಸಂಶೋಧನಾ ಸಂಸ್ಥೆ ಸಿಸಿಎಂಬಿ ರಾಜಸ್ಥಾನ, ಮಧ್ಯಪ್ರದೇಶದ ಉಷ್ಟ್ರಪಕ್ಷಿ ಮೊಟ್ಟೆಚಿಪ್ಪಿನಿಂದ ಮೈಟೊಕಾಂಡ್ರಿಯಾ ಡಿಎನ್‌ಎ ತೆಗೆದು 2017ರಲ್ಲಿ ಪ್ರಕಟಿಸಿತು. 25,000 ವರ್ಷಕ್ಕೂ ಹಳೇದು, ಆಫ್ರಿಕದ ಉಷ್ಟ್ರಪಕ್ಷಿಗೆ ಹತ್ತಿರದ್ದು. ಮಹಾರಾಷ್ಟ್ರದ ಪಟ್ಣೆಯಲ್ಲಿ ಗೀರು ಚಿತ್ರ ಕೆತ್ತಿದ ಅಂಥದ್ದೇ ಚಿಪ್ಪು ಸಿಕ್ಕಿದೆ, ಅಂದ್ರೆ ಆ ಹಕ್ಕಿಯ ಮೊಟ್ಟೆ ಮನುಷ್ಯರ ಕೈಯಲ್ಲಿತ್ತು. ಬಿಸಿ ನಾಡಲ್ಲಿ ಮೂಳೆ ಸೋತ ಕಡೆ ಚಿಪ್ಪು ಗೆಲ್ಲಬಹುದು. ಕ್ಯಾಲ್ಸೈಟ್ ಹರಳಿನ ಒಳಗೆ ನೀರು, ಬ್ಯಾಕ್ಟೀರಿಯಾ ಸುಲಭವಾಗಿ ನುಗ್ಗಲ್ಲ.

ಹಕ್ಕಿಗೂಡು
ಮೋವಾ ಚಿಪ್ಪಿನ ಕಥೆ ಇನ್ನೂ ಚೆನ್ನಾಗಿದೆ. 2010ರಲ್ಲಿ ಚಿಪ್ಪಿನ ಹೊರಮೈಯಿಂದ ತೆಗೆದ ಡಿಎನ್‌ಎಯಲ್ಲಿ ಗಂಡಿನ ಗುರುತು ಸಿಕ್ತು. ಅಂದ್ರೆ ಕಾವು ಕೂರ್ತಿದ್ದದ್ದು ಗಂಡು. ಗೂಡಿಗೆ ಬಂದ ಬೇಟೆಗಾರನಿಗೆ ಮೊಟ್ಟೆ ಮತ್ತು ಕಾವು ಕೂತ ಗಂಡು ಎರಡೂ ಒಟ್ಟಿಗೆ ಸಿಗೋ ಪರಿಸ್ಥಿತಿ. ನಿಧಾನವಾಗಿ ಬೆಳೆಯೋ, ಕಡಿಮೆ ಮೊಟ್ಟೆ ಇಡೋ ಹಕ್ಕಿಗೆ ಇದಕ್ಕಿಂತ ದೊಡ್ಡ ಹೊಡೆತ ಬೇರೆ ಇಲ್ಲ.

ದೈತ್ಯ ಮೋವಾ ಮೂರು ಗಾತ್ರದಲ್ಲಿ ಸಿಗ್ತಿತ್ತು, ಮೂರು ಜಾತಿ ಅಂತ ಹೆಸರೂ ಇಟ್ಟಿದ್ರು. 2003ರಲ್ಲಿ ಹಕ್ಕಿಗಳಲ್ಲಿ ಹೆಣ್ಣಿಗೆ ಮಾತ್ರ ಇರೋ ಡಬ್ಲ್ಯು ಕ್ರೋಮೊಸೋಮಿನ ತುಂಡು ಹುಡುಕಿದಾಗ ದೊಡ್ಡದೆಲ್ಲ ಹೆಣ್ಣು, ಚಿಕ್ಕದೆಲ್ಲ ಗಂಡು! ಹೆಣ್ಣು ತೂಕದಲ್ಲಿ ಗಂಡಿನ 2.8 ಪಟ್ಟಿನವರೆಗೆ. ಅಳತೆ ನೋಡಿ ಜಾತಿ ಹೇಳ್ತಿದ್ದ ಹಳೇ ಬೇಟೆ ಪಟ್ಟಿಗಳನ್ನೆಲ್ಲ ಮತ್ತೆ ತಿದ್ದಬೇಕಾಯ್ತು.

ಅರ್ಧಾಯುಷ್ಯ
ಹಾಗಾದ್ರೆ ತಿಪ್ಪೆ ಮೂಳೆಯಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು ಅಂತ ನೋಡಿದ್ರೆ ಬೇಟೆಗಾರರು ಯಾವುದನ್ನ ಆರಿಸ್ತಿದ್ರು ಅಂತ ಗೊತ್ತಾಗುತ್ತೆ ಅಲ್ವಾ?

ಅಂಕಿಗಣಿ
ಹೋಲಿಸೋಕೆ ನೈಸರ್ಗಿಕ ಅನುಪಾತ ಬೇಕು, ಅದೇ ಸಿಗ್ತಿಲ್ಲ. ಬೆಲ್ ಹಿಲ್ ವೈನ್‌ಯಾರ್ಡ್, ಪಿರಮಿಡ್ ವ್ಯಾಲಿ ಜೌಗಿನಲ್ಲಿ ತಾನಾಗೇ ಸಿಕ್ಕಿಬಿದ್ದು ಸತ್ತ ಮೋವಾಗಳಲ್ಲಿ ಹೆಣ್ಣು ಗಂಡಿನ ಸುಮಾರು ಐದು ಪಟ್ಟು. ಅಲ್ಲಿ ಮನುಷ್ಯರ ಕೈ ಇಲ್ಲ. ಭಾರ ಹೆಚ್ಚಿದ್ದು ಕೆಸರಲ್ಲಿ ಹೂತಿದ್ದಾ, ಹೆಣ್ಣು ಆ ಜಾಗ ತನ್ನದು ಅಂತ ಹಿಡಿದಿದ್ದಾ ಅನ್ನೋ ವಾದ ಇದೆ. ತಿಪ್ಪೆಯಲ್ಲಿ ಹೆಣ್ಣು ಜಾಸ್ತಿ ಕಂಡ ತಕ್ಷಣ "ದೊಡ್ಡದನ್ನೇ ಹೊಡೀತಿದ್ರು" ಅನ್ನೋಕಾಗಲ್ಲ.

ಒಟ್ಟಿಗೆ ಅರೆದ ಪುಡಿಯಿಂದ ಲಿಂಗವೂ ಸಿಗಲ್ಲ. ಅದಕ್ಕೆ ಒಂದೊಂದು ಮೂಳೆ ಬೇರೆ ಬೇರೆ ಕೊರೆದು, ಬೇರೆ ಬೇರೆ ಟ್ಯೂಬ್. ಅದೂ ಒಂದೇ ಹಕ್ಕಿಯ ಎರಡು ಮೂಳೆ ಎರಡು ಸಲ ಎಣಿಕೆ ಆಗದ ಹಾಗೆ ಎಡಗಾಲಿನದೋ ಬಲಗಾಲಿನದೋ ಒಂದೇ ಭಾಗ ಆರಿಸಬೇಕು.

ಹೊಸಹಾಳೆ
ಎರಡು ಥರದ ಕೆಲಸ ಅಂತಾಯ್ತು: ಪಟ್ಟಿ ಬೇಕಾದ್ರೆ ಗುಂಪಿನಲ್ಲಿ ಪುಡಿ, ಎಣಿಕೆ, ಲಿಂಗ, ವಂಶ ಬೇಕಾದ್ರೆ ಒಂಟಿ ಮೂಳೆ. ಹಾಗಾದ್ರೆ ಬೇಟೆಯಿಂದಲೇ ಮೋವಾ ಅಳಿದಿದ್ದು ಅಂತ ಡಿಎನ್‌ಎ ಸಾಬೀತು ಮಾಡಿದೆಯಾ?

ಅಂಕಿಗಣಿ
ಡಿಎನ್‌ಎ ಒಂದೇ ಹೇಳಲ್ಲ. 2014ರ ಕೆಲಸದಲ್ಲಿ ನಾಲ್ಕು ಜಾತಿಯ 281 ಮೋವಾಗಳ ಡಿಎನ್‌ಎ ನೋಡಿದ್ರು, ಸುಮಾರು 13,000 ವರ್ಷ ಹಿಂದಿನಿಂದ 600 ವರ್ಷ ಹಿಂದಿನವರೆಗೆ. ವೈವಿಧ್ಯ ಕುಗ್ಗಿದ ಗುರುತು ಕೊನೆಯವರೆಗೂ ಇಲ್ಲ. ಮನುಷ್ಯ ಬರೋ ಮುಂಚೆ ಹಕ್ಕಿ ಸೊರಗ್ತಾ ಇರಲಿಲ್ಲ, ಇಷ್ಟು ಡಿಎನ್‌ಎ ಹೇಳುತ್ತೆ. ಕೊನೆ ಯಾವಾಗ ಅನ್ನೋದು ರೇಡಿಯೊಕಾರ್ಬನ್ ಹೇಳೋದು.

ಯಾಕೆ ಅಂದ್ರೆ ನೂರು-ಇನ್ನೂರು ವರ್ಷದಲ್ಲಿ ಕುಸಿದ ಸಂಖ್ಯೆ ಡಿಎನ್‌ಎ ವೈವಿಧ್ಯದಲ್ಲಿ ಕಾಣೋಕೆ ಸಮಯವೇ ಸಾಲಲ್ಲ. ವೈವಿಧ್ಯ ಹತ್ತಾರು ತಲೆಮಾರಲ್ಲಿ ಸೋರಿ ಹೋಗಬೇಕು, ಅಷ್ಟರಲ್ಲಿ ಹಕ್ಕಿಯೇ ಮುಗಿದಿರುತ್ತೆ. "ವೈವಿಧ್ಯ ಕುಗ್ಗಿಲ್ಲ, ಹಾಗಾಗಿ ಬೇಟೆ ಕಾರಣ ಅಲ್ಲ" ಅನ್ನೋದು ತಲೆಕೆಳಗಾದ ವಾದ. ಇಲ್ಲಿ ಕುಗ್ಗದೇ ಇರೋದೇ ಬೇಟೆಯ ಕಡೆ ಬೆರಳು ತೋರಿಸುತ್ತೆ.

ತೇಜಸ್ವಿನಿ_ಜೀವಶಾಸ್ತ್ರ
ಒಪ್ಪಿದೆ, ಆದರೆ ಇದನ್ನು ಎಲ್ಲಾ ಕಡೆ ಅನ್ವಯಿಸಬೇಡಿ. ಬೆರಿಂಜಿಯಾದ (ಸೈಬೀರಿಯಾ ಮತ್ತು ಅಲಾಸ್ಕದ ನಡುವಿನ ಪ್ರದೇಶ) ಸ್ಟೆಪ್ ಬೈಸನ್ ಎಂಬ ಕಾಡುದನ ಸುಮಾರು 37,000 ವರ್ಷದ ಹಿಂದೆಯೇ ಕುಸಿಯಲು ಶುರುವಾಗಿತ್ತು ಎಂದು 2004ರ ಡಿಎನ್‌ಎ ಕೆಲಸ ತೋರಿಸಿತು. ಅಲ್ಲಿ ಬೇಟೆಗಾರರು ದೊಡ್ಡ ಸಂಖ್ಯೆಯಲ್ಲಿ ಬರುವುದಕ್ಕೆ ಬಹಳ ಮೊದಲು. 2011ರಲ್ಲಿ ಆರು ದೊಡ್ಡ ಪ್ರಾಣಿಗಳನ್ನು ಹೋಲಿಸಿದಾಗ ಒಂದೊಂದರದು ಒಂದೊಂದು ದಾರಿ: ಯುರೇಷಿಯದ ಕಸ್ತೂರಿ ಎತ್ತು ಮತ್ತು ಉಣ್ಣೆ ಖಡ್ಗಮೃಗಕ್ಕೆ ಹವಾಮಾನವೊಂದೇ ಸಾಕು, ಸ್ಟೆಪ್ ಬೈಸನ್ ಮತ್ತು ಕಾಡುಕುದುರೆಗೆ ಹವಾಮಾನದ ಜೊತೆ ಮನುಷ್ಯನೂ ಬೇಕು. ಮೋವಾ ಪ್ರಕರಣ ಅಷ್ಟು ಸ್ಪಷ್ಟವಾಗಿರುವುದಕ್ಕೆ ಕಾರಣ ಅದು ದ್ವೀಪ, ಮನುಷ್ಯ ಬಂದ ಕಾಲ ಗೊತ್ತು, ಆ ಹೊತ್ತಿನಲ್ಲಿ ಹವಾಮಾನ ದೊಡ್ಡದಾಗಿ ಬದಲಾಗಲಿಲ್ಲ.

ಬಯಲುಸೀಮಿ
ಮತ್ತ ನ್ಯೂಜಿಲೆಂಡಿನ ದೈತ್ಯ ಹಾಸ್ಟ್ ಹದ್ದು? ಅದೂ ಮೋವಾ ತಿಂತಿತ್ತಲ್ಲ.

ಹಕ್ಕಿಗೂಡು
ಹೌದು, ಆದ್ರೆ ಅದು ಮೋವಾ ಜೊತೆಗೇ ಹೋಯ್ತು. ಊಟ ಹೋಗಿ ಹದ್ದೂ ಹೋಯ್ತು. ಅದರ ಡಿಎನ್‌ಎ 2005ರಲ್ಲಿ ನೋಡಿದಾಗ ಹತ್ತಿರದ ನೆಂಟರು ಆಸ್ಟ್ರೇಲಿಯ ಕಡೆಯ ಪುಟ್ಟ ಹದ್ದುಗಳು. ಪ್ರತ್ಯೇಕವಾಗಿ ಒಂದು ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಪಿಪೆಟ್_200
ಪಿಸಿಆರ್, ಅಂದ್ರೆ ಡಿಎನ್‌ಎ ತುಂಡಿನ ಪ್ರತಿ ಹೆಚ್ಚಿಸೋ ಭಾಗ ಬಾಕಿ ಉಳಿದಿತ್ತು.

ಪುಡಿಯಿಂದ ಬಂದ ದ್ರಾವಣವನ್ನ ನೇರ, ಹತ್ತು ಪಟ್ಟು ತೆಳು, ನೂರು ಪಟ್ಟು ತೆಳು, ಈ ಮೂರು ಮಟ್ಟದಲ್ಲಿ ಕ್ಯುಪಿಸಿಆರ್ (ಪ್ರತಿಗಳು ಏರೋದನ್ನ ಅಳೆಯೋ ಪಿಸಿಆರ್) ಹಾಕಿ ನೋಡಿ. ನೇರವಾದದ್ದು ಏರದೆ, ಹತ್ತು ಪಟ್ಟಿನದು ಚೆನ್ನಾಗಿ ಏರಿದ್ರೆ ಮಣ್ಣಿನ ಹ್ಯೂಮಿಕ್ ಆಮ್ಲ ಕಿಣ್ವವನ್ನ ಕಟ್ಟಿಹಾಕಿದೆ ಅಂತ ಅರ್ಥ. ತೆಳು ಮಾಡಿದ್ದನ್ನೇ ಬಳಸಿ. ಮೂರೂ ಏರದಿದ್ರೆ ಡಿಎನ್‌ಎ ಇಲ್ಲ.

ಪ್ರೈಮರ್ (ಯಾವ ತುಂಡನ್ನ ಎತ್ತಬೇಕು ಅಂತ ಹಿಡಿಯೋ ಚಿಕ್ಕ ಡಿಎನ್‌ಎ) ಒಂದೇ ಜೊತೆ ಸಾಲಲ್ಲ. ಹಕ್ಕಿಗೆ 12ಎಸ್ ಜೀನಿನದು, ಸಸ್ತನಿಗೆ 16ಎಸ್ ಜೀನಿನದು, ಮೀನಿಗೆ ಬೇರೆ 16ಎಸ್. ಓದೋ ತುಂಡು ಆದಷ್ಟು ಚಿಕ್ಕದಿರಬೇಕು. ಸಸ್ತನಿ ಪ್ರೈಮರ್ ಮನುಷ್ಯ ಡಿಎನ್‌ಎಯನ್ನೂ ಎತ್ತುತ್ತೆ, ಅದಕ್ಕೆ ಮನುಷ್ಯ ಡಿಎನ್‌ಎಗೆ ಅಂಟಿಕೊಂಡು ತಡೆಯೋ ಬ್ಲಾಕಿಂಗ್ ಪ್ರೈಮರ್ ಹಾಕ್ತಾರೆ. ಪ್ರತಿ ಮಾದರಿಗೂ ಎರಡೂ ತುದಿಗೆ ಬೇರೆ ಬೇರೆ ಟ್ಯಾಗ್ (ಯಾವ ಮಾದರಿಯದು ಅಂತ ಹೇಳೋ ಗುರುತಿನ ಅನುಕ್ರಮ), ಒಮ್ಮೆ ಬಳಸಿದ ಟ್ಯಾಗ್ ಜೋಡಿ ಮತ್ತೆ ಬಳಸಬಾರದು. ಹಿಂದಿನ ಓಟದ ಡಿಎನ್‌ಎ ಗಾಳಿಯಲ್ಲೇ ಇರುತ್ತೆ.

ಇನ್ನು ದನ, ಹಂದಿ, ಕೋಳಿ! ಈ ಮೂರೂ ಪಿಸಿಆರ್ ರಾಸಾಯನಿಕಗಳ ಒಳಗೇ ಸಣ್ಣ ಪ್ರಮಾಣದಲ್ಲಿ ಇರೋದು 2007ರಲ್ಲೇ ತೋರಿಸಿ ಆಗಿದೆ. ಪಿಸಿಆರ್‌ಗೆ ಸೇರಿಸೋ ಬಿಎಸ್‌ಎ ಅನ್ನೋದೇ ದನದ ರಕ್ತದ ಪ್ರೋಟೀನು. ಯುರೋಪಿನ ಮಧ್ಯಶಿಲಾಯುಗದ ತಾಣದಲ್ಲಿ ಹಂದಿ ಸಿಕ್ತು, ದನ ಸಿಕ್ತು ಅಂತ ಸಂಭ್ರಮ ಪಡೋ ಮುಂಚೆ ಖಾಲಿ ಟ್ಯೂಬಿನಲ್ಲಿ ಏನು ಬಂತು ನೋಡಿ. ಪುಡಿ ಮಾಡುವಾಗ, ಕರಗಿಸುವಾಗ, ಪಿಸಿಆರ್‌ನಲ್ಲಿ, ಮೂರೂ ಹಂತದಲ್ಲಿ ಮೂಳೆ ಇಲ್ಲದ ಖಾಲಿ ಟ್ಯೂಬ್ ಜೊತೆಗೆ ಓಡಲೇಬೇಕು. ಮಿಲ್ಲಿನ ಡಬ್ಬಿ, ಗುಂಡು ಪ್ರತಿ ಗುಂಪಿನ ನಡುವೆ ಬ್ಲೀಚ್‌ನಲ್ಲಿ ತೊಳೆದು, ನೀರಲ್ಲಿ ಬ್ಲೀಚ್ ಪೂರ್ತಿ ತೆಗೆದು, ಯುವಿ ಅಡಿ ಇಡಬೇಕು. ಪಿಸಿಆರ್ ಕೋಣೆಗೆ ಹೋದವರು ಅದೇ ದಿನ ಮೂಳೆ ಕೋಣೆಗೆ ಬರೋ ಹಾಗಿಲ್ಲ.

ಅಂಕಿಗಣಿ
ಓದಿನ ಸಂಖ್ಯೆಯನ್ನ (ಯಂತ್ರ ಓದಿದ ಡಿಎನ್‌ಎ ತುಂಡುಗಳ ಎಣಿಕೆ) ತಲೆ ಸಂಖ್ಯೆ ಅಂತ ಬರೆಯೋರು ಈಗಲೂ ಇದ್ದಾರೆ. 10,000 ಓದು ಸೀಲ್, 200 ಓದು ಮೋವಾ ಬಂದ್ರೆ ಸೀಲ್ 50 ಪಟ್ಟು ತಿಂತಿದ್ರು ಅಂತಲ್ಲ. ಪ್ರೈಮರ್ ಯಾವುದಕ್ಕೆ ಚೆನ್ನಾಗಿ ಅಂಟಿತು, ಯಾವ ಚೂರು ಚೆನ್ನಾಗಿ ಉಳಿದಿತ್ತು, ಇವೆಲ್ಲ ಸೇರಿ ಬಂದ ಸಂಖ್ಯೆ ಅದು. ಅಂದಾಜು ಬೇಕಾದ್ರೆ 50ರ ಒಂದು ಗುಂಪಿನ ಬದಲು 10ರ ಐದು ಗುಂಪು ಮಾಡಿ, ಐದರಲ್ಲಿ ಎಷ್ಟರಲ್ಲಿ ಬಂತು ಅಂತ ನೋಡಿ. ಅದು ಓದಿನ ಸಂಖ್ಯೆಗಿಂತ ಎಷ್ಟೋ ನಂಬಿಕಸ್ಥ.

ಹೋಲಿಸೋ ದತ್ತಾಂಶದಲ್ಲಿ ಆ ಪ್ರಾಣಿಯ ಅನುಕ್ರಮವೇ ಇಲ್ಲದಿದ್ರೆ ಸಾಫ್ಟ್‌ವೇರ್ ಹತ್ತಿರದ ನೆಂಟನ ಹೆಸರು ಕೊಡುತ್ತೆ. ಅಳಿದ ಪ್ರಾಣಿಗಳಲ್ಲಿ ಇದು ದಿನನಿತ್ಯದ ತೊಂದರೆ. ಶೇ. 95 ಹೋಲಿಕೆ ಇದ್ರೆ ಜಾತಿ ಹೆಸರು ಬರೀಬೇಡಿ, ಕುಲದ ಮಟ್ಟದಲ್ಲಿ ನಿಲ್ಲಿಸಿ.

ಉತ್ತರಧ್ರುವ
ಮೂಳೆಯೇ ಇಲ್ಲದ ಬೇಟೆ ಬಗ್ಗೆ ಯಾರೂ ಹೇಳಲಿಲ್ಲ. ಗ್ರೀನ್‌ಲೆಂಡಿನ ಪ್ರಾಚೀನ ಸಕ್ಕಾಕ್ ಜನರ ತಿಪ್ಪೆಯಲ್ಲಿ ಬೋಹೆಡ್ ತಿಮಿಂಗಿಲದ ಮೂಳೆ ಬಹಳ ಕಡಿಮೆ, ಹಾಗಾಗಿ ದೊಡ್ಡ ತಿಮಿಂಗಿಲದ ಬಳಕೆ ಎಷ್ಟೋ ಕಾಲದ ನಂತರದ್ದು ಅಂತ ಇತ್ತು. 2016ರಲ್ಲಿ ತಿಪ್ಪೆಯ ಮಣ್ಣಿನ ಡಿಎನ್‌ಎ ಓದಿದಾಗ 4,000 ವರ್ಷದ ಪದರದಲ್ಲಿ ಬೋಹೆಡ್ ಬಂತು. ಹತ್ತಾರು ಟನ್ ಪ್ರಾಣಿಯ ಮೂಳೆಯನ್ನ ಯಾರೂ ಮನೆಗೆ ಹೊರಲ್ಲ. ದಡದಲ್ಲೇ ಕತ್ತರಿಸಿ ಮಾಂಸ, ಕೊಬ್ಬು, ಚರ್ಮ ಮಾತ್ರ ತಂದ್ರು. ಮೂಳೆ ಎಣಿಸಿದ್ರೆ ಸೊನ್ನೆ, ಮಣ್ಣು ಓದಿದ್ರೆ ಇದೆ.

ಮೂಳೆಕೋಣೆ
ಮಣ್ಣಿನ ಡಿಎನ್‌ಎ ಹೆಪ್ಪುನೆಲದಲ್ಲಿ ಸರಿ. ಬೇರೆ ಕಡೆ ಎಚ್ಚರ. ನ್ಯೂಜಿಲೆಂಡಿನ ಗುಹೆ ಮಣ್ಣಿನಲ್ಲಿ ಯುರೋಪಿನವರು ಬರೋ ಮುಂಚಿನ ಪದರದಲ್ಲಿ, ಮೋವಾ ಡಿಎನ್‌ಎ ಜೊತೆಗೇ ಉಣ್ಣೆ ಕೊಡೋ ಸಾಕು ಕುರಿಗಳ ಡಿಎನ್‌ಎ ಬಂತು, 2007ರ ಕೆಲಸ. ಮೇಲಿನ ಹಿಕ್ಕೆ, ಮೂತ್ರದ ಜೊತೆ ನೀರು ಇಳಿದು ಡಿಎನ್‌ಎಯನ್ನ ಕೆಳಗೆ ಸಾಗಿಸಿತ್ತು. ಮಣ್ಣಲ್ಲಿ ತಿಮಿಂಗಿಲ ಬಂದ್ರೂ ಹೊಡೆದದ್ದಾ, ದಡಕ್ಕೆ ಬಂದು ಸತ್ತಿದ್ದನ್ನ ಕತ್ತರಿಸಿದ್ದಾ ಅಂತ ಡಿಎನ್‌ಎ ಹೇಳಲ್ಲ. ಹಾರ್ಪೂನ್ ತುದಿ ಸಿಕ್ಕಿದ್ರೆ ಆ ವಾದ ಬೇರೆ.

ಗುಹೆ ಅಂದಾಗ ಇನ್ನೊಂದು: ನ್ಯೂಜಿಲೆಂಡಿನ ಗುಹೆಗಳಲ್ಲಿ ನಗುವ ಗೂಬೆ ಉಗುಳಿದ ಸಣ್ಣ ಹಕ್ಕಿ, ಹಲ್ಲಿ, ಕಪ್ಪೆ ಮೂಳೆ ರಾಶಿ ರಾಶಿ ಇದೆ. ಅದನ್ನ ಮನುಷ್ಯರ ಊಟದ ಪಟ್ಟಿಗೆ ಸೇರಿಸಬೇಡಿ.

ಉತ್ತರಧ್ರುವ
ಹಾರ್ಪೂನ್ ಮಾತು ಒಪ್ಪಿದೆ. ಆದ್ರೂ "ಬಳಸ್ತಿರಲಿಲ್ಲ" ಅನ್ನೋ ಹಳೇ ಮಾತು ಹೋಯ್ತಲ್ಲ, ಅದೇ ದೊಡ್ಡದು.

ಆಕ್ಲೆಂಡ್_ಮಳೆ
ಇಲ್ಲಿಯ ನೆಲದ ವಿಷಯ ಆದ್ದರಿಂದ ಒಂದು ಮುಖ್ಯ ಮಾತು. ಗುರುತಿಸಲಾಗದ ಚೂರಿನ ಚೀಲದಲ್ಲಿ ಮನುಷ್ಯರ ಮೂಳೆಯೂ ಇರಬಹುದು. ವೈರಾವ್ ಬಾರ್‌ನಲ್ಲಿ ಸಮಾಧಿಗಳಿದ್ದವು. ಅಲ್ಲಿಂದ ತೆಗೆದ ಪೂರ್ವಜರ ಅಸ್ಥಿಯನ್ನು ರಂಗಿತಾನೆ ಎಂಬ ಮಾವೊರಿ ಬುಡಕಟ್ಟಿನ ಜನ 2009ರಲ್ಲಿ ಮತ್ತೆ ಅಲ್ಲೇ ಮಣ್ಣು ಮಾಡಿದರು. ಅಂಥ ಒಂದು ಚೂರು ಮಿಲ್ಲಿಗೆ ಹೋದರೆ ಅದನ್ನು ಯಾರೂ ವಾಪಸ್ ಕೊಡಲು ಆಗುವುದಿಲ್ಲ. ಅರೆಯುವ ಮೊದಲೇ ಆ ನೆಲದ ಇವಿ (ಮಾವೊರಿ ಬುಡಕಟ್ಟು) ಜೊತೆ ಕೂತು ಮಾತಾಡಬೇಕು: ಯಾವ ಚೂರು, ಎಷ್ಟು ಗ್ರಾಂ, ಉಳಿದ ಪುಡಿ ಎಲ್ಲಿಗೆ, ಡಿಎನ್‌ಎ ಮಾಹಿತಿ ಯಾರ ಕೈಯಲ್ಲಿ. ಮೋವಾ ಮೂಳೆಯನ್ನೂ ಅವರು ಬೆಲೆಬಾಳುವ ಸೊತ್ತು ಎಂದೇ ಕಾಣುತ್ತಾರೆ.

ಪಿಪೆಟ್_200
ಇದಕ್ಕೆ ಲ್ಯಾಬ್ ಪರಿಹಾರ ಇದೆ ಮೇಡಂ. ಮೊದಲು ಝೂಮ್ಸ್ ಅನ್ನೋ ಪ್ರೋಟೀನ್ ಪರೀಕ್ಷೆ ಮಾಡಿ. ಒಂದೊಂದು ಚೂರಿನಿಂದ 20 ಮಿಲಿಗ್ರಾಂ ಸಾಕು. ಕೊಲಾಜೆನ್ ಪೆಪ್ಟೈಡ್ ತೂಕ ನೋಡಿ ಗುಂಪು ಹೇಳುತ್ತೆ, ಡಿಎನ್‌ಎಗಿಂತ ಅಗ್ಗ, ಬಿಸಿ ನಾಡಲ್ಲೂ ಹೆಚ್ಚು ಕಾಲ ಉಳಿಯುತ್ತೆ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ 2,000ಕ್ಕೂ ಹೆಚ್ಚು ಚೂರುಗಳ ಮಧ್ಯೆ ಒಂದೇ ಒಂದು ಮನುಷ್ಯಕುಲದ ಚೂರು ಹಿಡಿದದ್ದು ಹೀಗೇ, 2016ರಲ್ಲಿ. ಮನುಷ್ಯರದ್ದು ಅಂತ ಬಂದದ್ದನ್ನ ಎತ್ತಿಟ್ಟು ಉಳಿದದ್ದನ್ನ ಪುಡಿ ಮಾಡಬಹುದು.

ಮಿತಿಯೂ ಇದೆ. ಹಕ್ಕಿಗಳಲ್ಲಿ ಕೊಲಾಜೆನ್ ವ್ಯತ್ಯಾಸ ಕಡಿಮೆ, ಜಾತಿಯವರೆಗೆ ಹೋಗಲ್ಲ. ದನ ಮತ್ತು ಬೈಸನ್ ಬೇರೆ ಮಾಡಲ್ಲ. ಅಲ್ಲಿ ಡಿಎನ್‌ಎ ಬೇಕೇ ಬೇಕು.

ಗುಲ್ಬರ್ಗ_ಬಿಸಿಲು
ಹಾಗಾದ್ರೆ ನಮ್ಮ ನವಶಿಲಾಯುಗದ ತಾಣಕ್ಕೆ ಝೂಮ್ಸ್ ಮೊದಲು ಅಂತಾಯ್ತು. ಕುರಿ, ಮೇಕೆ, ಕೃಷ್ಣಮೃಗ ಈ ಮೂರರ ಮೂಳೆ ಚೂರಾದ್ರೆ ಬೇರ್ಪಡಿಸೋದು ಭಾರಿ ಕಷ್ಟ. ಸಾಕಿದ್ದೋ ಬೇಟೆಯದ್ದೋ ಅನ್ನೋದೇ ಅದರ ಮೇಲೆ ನಿಂತಿದೆ.

ಮೂಳೆಕೋಣೆ
ಹೌದು. ಅದರಲ್ಲೂ ಮೊದಲು ಕೊಲಾಜೆನ್ ಉಳಿದಿದೆಯಾ ಅಂತ ನಾಲ್ಕೈದು ಚೂರಲ್ಲಿ ನೋಡಿ, ಆಮೇಲೆ ಇಡೀ ಚೀಲ. ಕೊಲಾಜೆನ್ ಇಲ್ಲದ ಮೂಳೆಯಲ್ಲಿ ಡಿಎನ್‌ಎ ಹುಡುಕೋಕೆ ದುಡ್ಡು ಹಾಕಬೇಡಿ. ಸಸ್ತನಿಯಾದ್ರೆ ಕಿವಿಯ ಒಳಗಿನ ಪೆಟ್ರಸ್ ಮೂಳೆ ಸಿಕ್ಕಿದೆಯಾ ನೋಡಿ. ಕಲ್ಲಿನಷ್ಟು ಗಟ್ಟಿ, ಬೇರೆ ಮೂಳೆ ಸೋತ ಕಡೆ ಅದು ಕೊಡುತ್ತೆ. ತೊಡೆಮೂಳೆಯ ತುದಿಯ ಸ್ಪಂಜಿನಂಥ ಭಾಗ ತಗೋಬೇಡಿ.

ತೇಜಸ್ವಿನಿ_ಜೀವಶಾಸ್ತ್ರ
ಮುಟ್ಟಬಾರದ ವಸ್ತುಗಳಿಗೆ ಇನ್ನೊಂದು ದಾರಿ ಇದೆ. 2023ರಲ್ಲಿ ಡೆನಿಸೋವಾದ ಜಿಂಕೆ ಹಲ್ಲಿನ ಪದಕವನ್ನು ಕೊರೆಯದೆ ಫಾಸ್ಫೇಟ್ ದ್ರಾವಣದಲ್ಲಿ ಮುಳುಗಿಸಿ, ಶಾಖವನ್ನು ಹಂತ ಹಂತವಾಗಿ 90 ಡಿಗ್ರಿವರೆಗೆ ಏರಿಸಿ ಡಿಎನ್‌ಎ ತೆಗೆದರು. ಹಲ್ಲಿನ ವಾಪಿಟಿ ಜಿಂಕೆಯದೂ ಬಂತು, ಅದನ್ನು ಧರಿಸಿದ ಅಥವಾ ಮಾಡಿದ ಹೆಂಗಸಿನದೂ ಬಂತು. 19,000ದಿಂದ 25,000 ವರ್ಷ ಹಳೆಯದು. ಬರಿಗೈಯಲ್ಲಿ ಮುಟ್ಟಿದ ವಸ್ತುವಿಗೆ ಇದು ನಡೆಯುವುದಿಲ್ಲ, ಅಗೆದವರ ಡಿಎನ್‌ಎ ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಹೊಸಹಾಳೆ
ಬಹಳ ಉಪಕಾರ ಆಯ್ತು ಎಲ್ಲರಿಂದ. ಕೊನೆಯದಾಗಿ ಒಂದು: ಬಂದ ಡಿಎನ್‌ಎ ಹಳೇದೇ ಅಂತ ಹೇಗೆ ತೋರಿಸೋದು?

ಅಂಕಿಗಣಿ
ತುದಿ ನೋಡಿ. ಹಳೇ ತುಂಡಿನ ತುದಿಯಲ್ಲಿ ಸೈಟೊಸಿನ್ ಕೆಟ್ಟು ಯುರಾಸಿಲ್ ಆಗಿರುತ್ತೆ, ಯಂತ್ರ ಅದನ್ನ ಥೈಮಿನ್ ಅಂತ ಓದುತ್ತೆ. ತುದಿಯಲ್ಲಿ ಆ ಬದಲಾವಣೆ ಜಾಸ್ತಿ, ಮಧ್ಯಕ್ಕೆ ಹೋದಂತೆ ಇಳಿಯುತ್ತೆ. ಮೊನ್ನೆ ಮೊನ್ನೆಯ ಡಿಎನ್‌ಎಯಲ್ಲಿ ಈ ಇಳಿಜಾರು ಇರಲ್ಲ. ಆದ್ರೆ ಗಮನಿಸಿ: ಪಿಸಿಆರ್ ಪ್ರೈಮರ್ ಹಾಕಿ ಎತ್ತಿದ ತುಂಡಿನಲ್ಲಿ ನಿಜವಾದ ತುದಿ ಇರೋದೇ ಇಲ್ಲ, ಎರಡೂ ತುದಿ ಪ್ರೈಮರ್‌ನದ್ದು. ಹಾಗಾಗಿ ಗುಂಪು ಪುಡಿಯಲ್ಲಿ ಅನಿರೀಕ್ಷಿತವಾದದ್ದು ಏನಾದ್ರೂ ಬಂದ್ರೆ ಅದೇ ದ್ರಾವಣದಿಂದ ಪ್ರೈಮರ್ ಇಲ್ಲದ ಲೈಬ್ರರಿ (ತುಂಡುಗಳನ್ನ ನಿಜವಾದ ತುದಿ ಸಮೇತ ಓದೋಕೆ ಸಿದ್ಧಮಾಡಿದ ಸಂಗ್ರಹ) ಮಾಡಿ ತುದಿ ನೋಡಲೇಬೇಕು.

ಪಿಪೆಟ್_200
ಅದಕ್ಕೇ ದ್ರಾವಣ ಪೂರ್ತಿ ಪಿಸಿಆರ್‌ಗೆ ಖರ್ಚು ಮಾಡಬೇಡಿ. 50 ಮೈಕ್ರೋಲೀಟರ್ ಬಂದ್ರೆ 20 ಎತ್ತಿಡಿ, ಮೈನಸ್ 20ರಲ್ಲಿ ಚಿಕ್ಕ ಚಿಕ್ಕ ಟ್ಯೂಬುಗಳಲ್ಲಿ. ಒಂದೇ ಟ್ಯೂಬನ್ನ ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದ್ರೆ ಇರೋ ತುಂಡೂ ಮುರಿಯುತ್ತೆ.

ಬಯಲುಸೀಮಿ
ಪುಡಿನೂ ಅರ್ಧ ಎತ್ತಿಡ್ರಿ. ಡಬ್ಬಿ ಮ್ಯಾಲೆ ಪದರದ ಸಂಖ್ಯೆ ಪೆನ್ಸಿಲ್ಲಿನಾಗ ಬರೀರಿ, ಮಾರ್ಕರ್ ಶಾಯಿ ಬ್ಲೀಚ್ ತಾಗಿದ್ರ ಅಳಿಸಿ ಹೋಗ್ತದ.